‘ಬರೆದಿಲ್ಲ’ ಎಂಬ ಮೊಹರು

ಬೆಳಗ್ಗೆ ಹನ್ನೊಂದೂಕಾಲಕ್ಕೆ ಮೌಲ್ಯಮಾಪನದ ಹಾಲ್‌ನಲ್ಲಿ ಇಂಟರ್ನೆಟ್ ನಿಂತಿತು.

ಸಾಲು ಸಾಲಾಗಿ ಕೂತಿದ್ದ ಮೇಷ್ಟ್ರುಗಳು, ಮೇಡಂಗಳು ಒಂದೇ ಉಸಿರಿಗೆ "ಅಯ್ಯೋ" ಎಂದರು. ದುಃಖದ ಅಯ್ಯೋ ಅಲ್ಲ; ಕೊನೆಯ ಪೀರಿಯಡ್ಡಿಗೆ ಯಾರೂ ಬರುವುದಿಲ್ಲವೆಂದು ಗೊತ್ತಾದಾಗ ತರಗತಿಯಿಂದ ಏಳುವ ಸದ್ದು. ಕುರ್ಚಿಗಳು ಹಿಂದೆ ಸರಿದವು. ಒಬ್ಬರು ಸೊಂಟ ಹಿಡಿದುಕೊಂಡು ಎದ್ದರು. ಇನ್ನೊಬ್ಬರು ನೀರಿನ ಬಾಟಲಿ ಎತ್ತಿಕೊಂಡು ಬಾಗಿಲ ಕಡೆ ನಡೆದರು.

ಎಕ್ಸ್‌ಪ್ರೆಸ್ ಮೇಷ್ಟ್ರು ಮಾತ್ರ ಏಳಲಿಲ್ಲ. ಅದು ಹಾಲ್‌ನವರು ಇಟ್ಟ ಹೆಸರು. ಯಾರು ಎಷ್ಟು ಪತ್ರಿಕೆ ಮುಗಿಸಿದರೆಂದು ದಿನವೂ ಸಂಜೆ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅದರ ಮೊದಲ ಸಾಲಿನಿಂದ ಅವರನ್ನು ಇಳಿಸಲು ಈವರೆಗೆ ಯಾರಿಗೂ ಆಗಿರಲಿಲ್ಲ. ಅವರ ಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ಮೇಡಂ ಸದಾ ಕೊನೆಯ ಸಾಲು. ಮಾತು ಹೆಚ್ಚು, ನಡುವೆ ಒಂದೆರಡು ತೂಕಡಿಕೆ. ಅವರಿಗೆ ‘ಪ್ಯಾಸೆಂಜರ್ ಮೇಡಂ’ ಎಂದು ಹೆಸರಿಟ್ಟವರು ಎಕ್ಸ್‌ಪ್ರೆಸ್ ಮೇಷ್ಟ್ರೇ.

"ಬನ್ನಿ ಸರ್, ಟೀ ಕುಡಿಯೋಣ. ಇವತ್ತು ಎಕ್ಸ್‌ಪ್ರೆಸ್‌ಗೂ ಸಿಗ್ನಲ್ ಬಿದ್ದಿಲ್ಲ," ಎಂದರು ಮೇಡಂ.

"ನೀವು ಹೋಗಿ. ನಿಮ್ಮ ಗಾಡಿ ಹೇಗೂ ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲುತ್ತೆ."

ಮೇಡಂ ನಕ್ಕು ಹೋದರು. ಮೇಷ್ಟ್ರು ಪರದೆಯನ್ನೇ ದುರುಗುಟ್ಟಿ ನೋಡುತ್ತ ಕೂತರು. ಕೈಯಲ್ಲಿದ್ದ ಪತ್ರಿಕೆ ಹೆಚ್ಚುಕಡಿಮೆ ಮುಗಿದಿತ್ತು. ಕೊನೆಯ ನಾಲ್ಕು ಪುಟಕ್ಕೂ ಮೊಹರು ಬಿದ್ದಿತ್ತು. ‘ಸಲ್ಲಿಸು’ ಎಂಬ ಗುಂಡಿಯ ಮೇಲೆ ಬೆರಳಿಡುವ ಹೊತ್ತಿಗೆ ಸರಿಯಾಗಿ ಲೈನು ಹೋಗಿತ್ತು.

ಉತ್ತರ ಪತ್ರಿಕೆಗಳು ಈಗ ಹುರಿ ಕಟ್ಟಿದ ಕಟ್ಟುಗಳಾಗಿ ಮೇಜಿಗೆ ಬರುವುದಿಲ್ಲ. ಎಲ್ಲೋ ಒಂದು ಕಡೆ ಅವನ್ನು ಸ್ಕ್ಯಾನ್ ಮಾಡುತ್ತಾರೆ. ಪುಟಗಳ ಚಿತ್ರಗಳು ‘ಕ್ಲೌಡ್’ ಎಂಬಲ್ಲಿ ಕೂರುತ್ತವೆ. ಅಲ್ಲಿಂದ ಒಂದೊಂದಾಗಿ ಬ್ರೌಸರಿನ ಕಿಟಕಿಗೆ ಇಳಿಯುತ್ತವೆ. ಓದಿ ಅಂಕ ಒತ್ತಬೇಕು. ವಿದ್ಯಾರ್ಥಿ ಏನೂ ಬರೆಯದೆ ಬಿಟ್ಟ ಪುಟಕ್ಕೆ ‘ಬರೆದಿಲ್ಲ’ ಎಂಬ ಕೆಂಪು ಮೊಹರು ಒತ್ತಬೇಕು. ಪ್ರತಿ ಪುಟಕ್ಕೂ ಅಂಕವೋ ಮೊಹರೋ ಬೀಳದ ಹೊರತು ‘ಸಲ್ಲಿಸು’ ಗುಂಡಿಗೆ ಜೀವ ಬರುವುದಿಲ್ಲ. ಮೊದಲ ವರ್ಷ ಪುಟ ಇಳಿಯುವ ತನಕ ಪರದೆಯ ಮಧ್ಯೆ ಒಂದು ಸಣ್ಣ ಚಕ್ರ ತಿರುಗುತ್ತಿತ್ತು. ಅದನ್ನು ನೋಡಿ ನೋಡಿ ತಲೆ ಸುತ್ತುತ್ತದೆ ಎಂದು ಮೇಷ್ಟ್ರುಗಳೇ ದೂರು ಕೊಟ್ಟರು. ಮರುವರ್ಷ ಚಕ್ರ ಇರಲಿಲ್ಲ.

ಎಕ್ಸ್‌ಪ್ರೆಸ್ ಮೇಷ್ಟ್ರ ವೇಗದ ಗುಟ್ಟು ಇದ್ದದ್ದು ಎಡಗೈಯಲ್ಲಿ. ಮೊಹರಿಗೆ ಮೌಸ್ ಹಿಡಿದು ಹೋಗುವುದು ದಂಡ. ಕೀಲಿಮಣೆಯ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಸಾಕೆಂದು ಕಂಡುಹಿಡಿದವರು ಅವರು. ಬಹುಪಾಲು ಪತ್ರಿಕೆಗಳ ಕೊನೆ ಬಿಳಿಯೇ. ಬರಹ ನಿಂತು ಒಂದು ಬಿಳಿ ಪುಟ ಬಂದಿತೆಂದರೆ ಎಡಗೈ ತಾನಾಗಿ ಟಕ್ ಟಕ್ ಟಕ್ ಎನ್ನುತ್ತಿತ್ತು.

ಇಂಟರ್ನೆಟ್ ಬಂತು. ಮೇಷ್ಟ್ರು ಗುಂಡಿ ಒತ್ತಲು ಹೋದರು. ಬೆರಳು ಅಲ್ಲೇ ನಿಂತಿತು.

ಕೆಂಪು ಮೊಹರಿನ ಹಿಂದೆ ನೀಲಿ ಶಾಯಿ ಕಾಣಿಸುತ್ತಿತ್ತು. ಮೊದಲು ಪುಟದ ಮೇಲ್ತುದಿಯ ಗೆರೆ, ಪ್ರಶ್ನೆಯ ಸಂಖ್ಯೆ, ಆಮೇಲೆ ಅಡ್ಡಡ್ಡ ತುಂಡು ತುಂಡಾಗಿ ಇಡೀ ಪುಟ. ಪೀನ ಮಸೂರದ ಚಿತ್ರ. ಸ್ಕೇಲ್ ಇಟ್ಟು ಎಳೆದ ಕಿರಣಗಳು, ಬಾಣದ ಗುರುತುಗಳು, ತಲೆಕೆಳಗಾದ ಬಿಂಬ. ಅದರ ಕೆಳಗೆ ಲೆಕ್ಕ. ಉತ್ತರ ಸರಿಯಾಗಿತ್ತು. ಆ ಸರಿಯಾದ ಉತ್ತರಕ್ಕೆ ಅಡ್ಡಲಾಗಿ, ಅವರದೇ ಕೈ ಒತ್ತಿದ ಮಾತು: ಬರೆದಿಲ್ಲ.

ಮೇಷ್ಟ್ರು ಮೊಹರು ತೆಗೆದು ಪೂರ್ತಿ ಅಂಕ ಕೊಟ್ಟರು. ಉಳಿದ ಮೂರು ಪುಟ ನೋಡಿದರು. ಎರಡು ನಿಜವಾಗಿ ಖಾಲಿ. ಮೂರನೆಯದರಲ್ಲಿ ಇನ್ನೊಂದು ಪೂರ್ತಿ ಉತ್ತರ. ವಿದ್ಯಾರ್ಥಿ ನಡುವೆ ಜಾಗ ಬಿಟ್ಟು ಬರೆದಿದ್ದ. ಕಷ್ಟದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಜಾಗ ಬಿಟ್ಟು ಬರೆಯಿರಿ ಎಂದು ಎಲ್ಲ ಮೇಷ್ಟ್ರುಗಳೂ ಹೇಳಿಕೊಡುತ್ತಾರೆ. ಅವರೂ ಹೇಳಿಕೊಟ್ಟಿದ್ದರು.

ಆ ಪತ್ರಿಕೆಯನ್ನು ಸಲ್ಲಿಸದೆ ಬದಿಗಿಟ್ಟು ಇನ್ನೊಂದನ್ನು ತೆರೆದರು. ಕೊನೆಯ ಪುಟಕ್ಕೆ ಹೋಗಿ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಬಿಳಿ. ಬಿಳಿ. ಎಡಗೈ ತುರಿಸಿದಂತೆ ಚಡಪಡಿಸಿತು. ಆಮೇಲೆ ಅಕ್ಷರ ಬಂತು. ಮತ್ತೊಂದು ತೆರೆದರು, ಅದು ಎಷ್ಟು ಕಾದರೂ ಬಿಳಿಯೇ. ಇನ್ನೊಂದು. ಅಕ್ಷರ ಬಂತು.

ಟೀ ಮುಗಿಸಿ ಬಂದ ಪ್ಯಾಸೆಂಜರ್ ಮೇಡಂ ಬಗ್ಗಿ ನೋಡಿದರು. "ಏನ್ ಸರ್, ಧ್ಯಾನ ಮಾಡ್ತಿದೀರಾ?"

"ಮೇಡಂ, ಬಿಳಿ ಪುಟ ಬಂದ್ರೆ ನೀವು ಎಷ್ಟು ಹೊತ್ತು ಕಾಯ್ತೀರಿ?"

"ಕಾಯೋದ್ಯಾಕೆ? ನೀವೇ ತಾನೆ ಹೇಳ್ಕೊಟ್ಟಿದ್ದು, ಎರಡು ಕೀಲಿ ಒಟ್ಟಿಗೆ ಒತ್ತಿ ಅಂತ."

ಮೇಷ್ಟ್ರು ಪರದೆ ತೋರಿಸಿದರು. ಮೇಡಂ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

"ಸರ್, ಇನ್ನು ನಾಲ್ಕೇ ದಿನ ಇದೆ ಕ್ಯಾಂಪು. ಇನ್ಮೇಲೆ ಸ್ವಲ್ಪ ಕಾದು ಒತ್ತೋಣ. ಆಗಿದ್ದು ಆಗಿಹೋಯ್ತು."

"ಆಗಿಹೋಗಿದ್ದು ನಿಮಗಲ್ಲ ಮೇಡಂ."

"ನನ್ನ ಮೇಲೆ ಯಾಕೆ ರೇಗ್ತೀರಿ? ನಾನೇನು ಕ್ಲೌಡ್ ಇಟ್ಕೊಂಡಿದೀನಾ?"

ಮೇಷ್ಟ್ರು ನೋಡುತ್ತಿದ್ದದ್ದು ತಮ್ಮ ಎಡ ಮಣಿಕಟ್ಟನ್ನು.

ಹೋದ ವರ್ಷ ಅವರ ಮಗಳು ಭೌತಶಾಸ್ತ್ರದಲ್ಲಿ ಫೇಲಾಗಿದ್ದಳು. ಅಪ್ಪನ ವಿಷಯದಲ್ಲೇ. "ಎಲ್ಲಾ ಬರ್ದಿದೀನಿ ಅಪ್ಪ, ಕೊನೇ ಎರಡು ಪ್ರಶ್ನೆ ಪೂರ್ತಿ ಬರ್ದಿದೀನಿ," ಎಂದು ಒಂದೇ ಸಮನೆ ಹೇಳಿದ್ದಳು. ಇವಳ ಬಾಯಿ ಮುಚ್ಚಿಸಬೇಕೆಂದೇ ಅವರು ಉತ್ತರ ಪತ್ರಿಕೆಯ ಪ್ರತಿ ತರಿಸಿದ್ದರು. ಪ್ರತಿ ಎಂದರೆ ಕಾಗದವಲ್ಲ, ಒಂದು ಲಿಂಕ್. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹೆಂಡತಿಯನ್ನೂ ಕರೆದು ಕೂರಿಸಿ, ಕೊನೆಯ ಪುಟ ತೆರೆದರು. ಬಿಳಿ ಹಾಳೆ, ಮಧ್ಯದಲ್ಲಿ ಕೆಂಪು ಮೊಹರು.

"ಎಲ್ಲಿದೆ? ತೋರ್ಸು. ಇದ್ರಲ್ಲಿ ಒಂದಕ್ಷರ ತೋರ್ಸು ನೋಡೋಣ."

ಆಗ ಮಗಳು ಅವರ ಮಣಿಕಟ್ಟಿನ ಮೇಲೆ ಕೈಯಿಟ್ಟಿದ್ದಳು. "ತಡಿ ಅಪ್ಪ. ತಡಿ, ಇನ್ನೂ ಬರ್ತಾ ಇದೆ."

ಅವರು ಆ ಕೈಯನ್ನು ಕೊಡವಿ, ಲ್ಯಾಪ್‌ಟಾಪಿನ ಮುಚ್ಚಳವನ್ನು ಬಡಿದು ಮುಚ್ಚಿದ್ದರು. ಕೈ ಹಿಡಿದು ಬೇಡುತ್ತಿದ್ದಾಳೆ ಎಂದುಕೊಂಡಿದ್ದರು.

ಮೊಹರು ಹಗುರ, ಮೊದಲು ಬರುತ್ತದೆ. ಕೈಬರಹದ ಚಿತ್ರ ಭಾರ, ಹಿಂದೆ ಬರುತ್ತದೆ. ಭೌತಶಾಸ್ತ್ರದ ಮೇಷ್ಟ್ರಿಗೆ ಅಷ್ಟು ಹೊಳೆಯಲು ಒಂದು ವರ್ಷ ಬೇಕಾಯಿತು.

ಅವರು ಎದ್ದು ಕ್ಯಾಂಪಿನ ಮುಖ್ಯಸ್ಥರ ಕೋಣೆಗೆ ಹೋದರು.

ಮುಖ್ಯಸ್ಥರು ಮೃದು ಮಾತಿನ ಮನುಷ್ಯ. ಬೈದರೂ ಗಲ್ಲ ಸವರಿದಂತಿರುತ್ತಿತ್ತು. ಮೇಷ್ಟ್ರು ನಿಂತುಕೊಂಡೇ ಎಲ್ಲ ಹೇಳಿ ಮುಗಿಸುವ ತನಕ ಅವರು ಪೆನ್ನಿನ ಕ್ಯಾಪನ್ನು ತಿರುಗಿಸುತ್ತ ಕೇಳಿಸಿಕೊಂಡರು.

"ಕೂತ್ಕೊಳ್ಳಿ. ನೀರು ಕುಡೀರಿ."

"ನೀರು ಬೇಡ ಸರ್. ಸಲ್ಲಿಸಿದ ಪತ್ರಿಕೆಗಳನ್ನೆಲ್ಲ ಮತ್ತೆ ತೆಗೆಸ್ಬೇಕು. ಈ ಕ್ಯಾಂಪಿಂದು ಪೂರ್ತಿ."

"ಸಲ್ಲಿಸಿದ ಪತ್ರಿಕೆ ಬಾಯಿಂದ ಬಿದ್ದ ಮಾತಿನ ಹಾಗೆ. ವಾಪಸ್ ತಗೊಳ್ಳೋದು ನನ್ನ ಕೈಲಿಲ್ಲ."

"ಯಾರ ಕೈಲಿದೆ?"

"ಮೇಲಿನವರ ಕೈಲಿ."

"ಹಾಗಾದ್ರೆ ಮೇಲಿನವರಿಗೆ ಬರೀರಿ."

"ಏನಂತ ಬರೀಲಿ? ನಮ್ಮ ಮೇಷ್ಟ್ರುಗಳಿಗೆ ಪುಟ ಬರೋ ತನಕ ಕಾಯೋ ತಾಳ್ಮೆ ಇಲ್ಲ ಅಂತಾನಾ? ಎಷ್ಟು ಪತ್ರಿಕೇಲಿ ಹೀಗಾಗಿದೆ, ಯಾರದ್ದು, ಯಾವ ಪುಟ? ನಿಮಗೆ ಗೊತ್ತಾ?"

"ಗೊತ್ತಿಲ್ಲ. ಗೊತ್ತಾಗ್ಬೇಕು ಅಂತಾನೇ ತೆಗೆಸಿ ಅಂತಿರೋದು."

"ಅಲ್ಲ ಸರ್," ಮುಖ್ಯಸ್ಥರು ಮೊಬೈಲ್ ತೆಗೆದು ಏನನ್ನೋ ಹುಡುಕಿದರು, "ಇದು ನಿಮಗೆ ನೆನಪಿದೆಯಾ?"

ಪರದೆಯ ಮೇಲೆ ಎರಡು ಕೈಗಳು. ಮುಖವಿಲ್ಲ. ಎಡಗೈ ಕೀಲಿಮಣೆಯ ಮೂಲೆಯಲ್ಲಿ ಟಕ್ ಟಕ್ ಎನ್ನುತ್ತಿದೆ. ಹಿಂದಿನಿಂದ ಮೇಷ್ಟ್ರ ದನಿ: "ನೋಡಿ, ಬಿಳಿ ಬಂತು, ಒತ್ತಿ. ಬಿಳಿ ಬಂತು, ಒತ್ತಿ. ಯೋಚ್ನೆ ಮಾಡ್ಬೇಡಿ, ಯೋಚ್ನೆ ಮಾಡಿದ್ರೆ ಬೆರಳು ನಿಧಾನ ಆಗುತ್ತೆ." ಸುತ್ತ ನಗು. ಎರಡು ವರ್ಷದ ಹಿಂದೆ ಕ್ಯಾಂಪಿನ ಮೊದಲ ದಿನ, ಹಾಲ್‌ನ ಪ್ರೊಜೆಕ್ಟರ್ ಮುಂದೆ ನಿಂತು ಅವರು ಕೊಟ್ಟ ಪಾಠ.

"ಇದನ್ನ ನಾನು ಎಲ್ಲಾ ಕ್ಯಾಂಪಿಗೂ ಕಳಿಸ್ದೆ," ಎಂದರು ಮುಖ್ಯಸ್ಥರು. "ಎಲ್ಲರೂ ನಿಮ್ಮ ಬೆರಳು ನೋಡೇ ಕಲ್ತಿದ್ದು. ಈಗ ನಾನು ಮೇಲಕ್ಕೆ ಬರೆದ್ರೆ ಮೊದ್ಲು ಬೀಳೋದು ಯಾರ ಹೆಸರು, ಹೇಳಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ನಾಳೆ ಬೋರ್ಡಲ್ಲಿ ಒಂದು ಸಾಲು ಬರೆಸ್ತೀನಿ, ‘ನಿಧಾನವಾಗಿ ಒತ್ತಿ’ ಅಂತ. ಸಾಕಲ್ಲ?"

"ಸಾಲದು."

"ನಿಮ್ಮ ಮಗಳದ್ದೇ ಆದಾಗ ನೀವು ತುಟಿ ಬಿಚ್ಚಲಿಲ್ಲ. ಮೇಷ್ಟ್ರು ಅಂದ್ರೆ ಹೀಗಿರ್ಬೇಕು ಅಂತ ನಾನು ಎಷ್ಟು ಕಡೆ ಹೇಳಿದೀನಿ ಗೊತ್ತಾ? ಮಗಳು ಅಂತ ನೋಡ್ಲಿಲ್ಲ, ವ್ಯವಸ್ಥೆ ಹೇಳಿದ್ದನ್ನ ಒಪ್ಕೊಂಡ್ರು ಅಂತ."

ಆ ಹೊಗಳಿಕೆ ಕಪಾಳಕ್ಕೆ ಬಾರಿಸಿದಂತಿತ್ತು. ಮೇಷ್ಟ್ರು ಹೊರಗೆ ಬಂದು ಬಾಗಿಲನ್ನು ಬಲವಾಗಿ ಎಳೆದರು. ಅದು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಎಷ್ಟು ಎಳೆದರೂ ತನ್ನ ನಿಧಾನಕ್ಕೇ ಬಂದು ಸದ್ದಿಲ್ಲದೆ ಕೂತಿತು. ಅದಕ್ಕೂ ಒಂದು ಒದೆ ಕೊಟ್ಟು ಮೆಟ್ಟಿಲಿಳಿದರು.

ಮಗಳು ಕೆಲಸಕ್ಕಿದ್ದದ್ದು ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಇನ್ನೊಮ್ಮೆ ಪರೀಕ್ಷೆಗೆ ಕೂರು ಎಂದರೆ ಅವಳು ಒಲ್ಲೆ ಎಂದಿದ್ದಳು. "ಮತ್ತೆ ಬರೆದ್ರೂ ಬರೆದಿಲ್ಲ ಅಂತಾನೇ ಬರುತ್ತೆ" ಎಂದದ್ದು ಆ ವಿಷಯದಲ್ಲಿ ಅವಳ ಕೊನೆಯ ಮಾತು. ಅಹಂಕಾರ ಎಂದು ಮೇಷ್ಟ್ರು ಅದನ್ನು ತೀರ್ಮಾನಿಸಿದ್ದರು. ಅಂಗಡಿಯ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಅವಳು ಅವರನ್ನು ಬಹುವಚನದಲ್ಲಿ ಮಾತಾಡಿಸಲು ಶುರುಮಾಡಿದ್ದಳು. ಚಿಕ್ಕಂದಿನಿಂದ "ಬಾ ಅಪ್ಪ, ಕೂತ್ಕೋ ಅಪ್ಪ" ಎನ್ನುತ್ತಿದ್ದವಳು "ಬನ್ನಿ, ಕೂತ್ಕೊಳ್ಳಿ" ಎನ್ನತೊಡಗಿದಾಗ, ಮಗಳಿಗೆ ಎಷ್ಟು ಮರ್ಯಾದೆ ನೋಡಿ ಎಂದು ನೆಂಟರು ಮೆಚ್ಚಿದ್ದರು.

ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ. ಗಾಜಿನ ಕೌಂಟರಿನ ಹಿಂದೆ ಮಗಳು ನಿಂತಿದ್ದಳು, ಕೂದಲನ್ನು ಎತ್ತಿ ಕಟ್ಟಿ ಅದಕ್ಕೊಂದು ಪೆನ್ನು ಸಿಕ್ಕಿಸಿಕೊಂಡು. ಅಪ್ಪನನ್ನು ನೋಡಿ ಅವಳ ಹುಬ್ಬು ಒಂದು ಕ್ಷಣ ಎದ್ದು ಇಳಿಯಿತು.

"ನಿನ್ನ ಹತ್ರ ಸ್ವಲ್ಪ ಮಾತಾಡ್ಬೇಕು," ಎಂದರು ಮೇಷ್ಟ್ರು.

"ಕ್ಯೂ ಇದೆ. ಹಿಂದೆ ನಿಂತ್ಕೊಳ್ಳಿ."

ಅವರು ಹಿಂದೆ ನಿಂತರು. ಮುಂದಿದ್ದವರಲ್ಲಿ ಒಬ್ಬ ದಪ್ಪ ಮನುಷ್ಯ ಬಾಡಿಗೆ ಕರಾರಿನ ಪ್ರಿಂಟ್ ತೆಗೆಸಲು ಬಂದಿದ್ದ. ಅವನ ಫೈಲು ಅವನ ಕ್ಲೌಡ್‌ನಲ್ಲಿತ್ತು. ಮಗಳು ಅದನ್ನು ಬ್ರೌಸರಿನಲ್ಲಿ ತೆರೆದಳು. ಬಿಳಿ ಪುಟ ಕಂಡಿತು. ಅವಸರದ ಆಸಾಮಿ ಕೌಂಟರಿನ ಮೇಲೆ ಬಗ್ಗಿ, ತಾನೇ ಪ್ರಿಂಟ್ ಕೊಡಲು ಮೌಸಿಗೆ ಕೈ ಚಾಚಿದ. ಮಗಳು ಆ ಕೈಯ ಮೇಲೆ ತನ್ನ ಅಂಗೈ ಇಟ್ಟಳು.

"ತಡೀರಿ ಅಂಕಲ್. ಇನ್ನೂ ಬರ್ತಾ ಇದೆ."

"ಬಂದಾಯ್ತಲ್ಲಮ್ಮ, ಬೆಳ್ಳಗೆ ಕಾಣ್ತಿದೆ."

"ಬೆಳ್ಳಗೆ ಕಂಡ್ರೆ ಬಂದಿದೆ ಅಂತ ಅಲ್ಲ, ಬಂದಿಲ್ಲ ಅಂತ. ಈಗ ಒತ್ತಿದ್ರೆ ಖಾಲಿ ಹಾಳೆ ಬರುತ್ತೆ. ಆಮೇಲೆ ನನ್ನನ್ನೇ ಬೈತೀರಿ."

ದಪ್ಪ ಮನುಷ್ಯ ನಕ್ಕು ಕೈ ಹಿಂದೆಗೆದುಕೊಂಡ. ಕರಾರು ಸಾಲು ಸಾಲಾಗಿ ಪರದೆಯ ಮೇಲೆ ಇಳಿಯಿತು. ಮೇಷ್ಟ್ರು ಕೌಂಟರಿನ ಅಂಚು ಹಿಡಿದುಕೊಂಡರು.

ಅವರ ಸರದಿ ಬಂತು. ಹಿಂದೆ ಯಾರೂ ಇರಲಿಲ್ಲ.

"ಏನು ಪ್ರಿಂಟ್ ಬೇಕಿತ್ತು?" ಎಂದಳು ಮಗಳು.

"ಹೋದ ವರ್ಷದ ನಿನ್ನ ಪೇಪರು... ಅದ್ರಲ್ಲಿ ಉತ್ತರ ಇತ್ತು ಅಂತ ಕಾಣುತ್ತೆ. ಪುಟ ಪೂರ್ತಿ ಬರೋಕೆ ಮುಂಚೆ ನಾನು ಮುಚ್ಚಿಬಿಟ್ಟೆ."

"ಗೊತ್ತು."

"ಗೊತ್ತು ಅಂದ್ರೆ?"

"ನೀವು ಎದ್ದುಹೋದ ಮೇಲೆ ನಾನು ಅಮ್ಮ ಮತ್ತೆ ತೆಗೆದು ನೋಡಿದ್ವಿ. ಮೊದ್ಲು ಮೊಹರು ಬಂತು. ಆಮೇಲೆ ನನ್ನ ಸರ್ಕ್ಯೂಟ್ ಬಂತು. ಎರಡು ಬಲ್ಬು, ಒಂದು ಸ್ವಿಚ್ಚು. ಬಾಣ ಎಲ್ಲಾ ಸರಿಯಾಗಿತ್ತು. ಅಮ್ಮ ಅತ್ಲು. ನಾನು ಅಳ್ಲಿಲ್ಲ."

ಮೇಷ್ಟ್ರಿಗೆ ಒಮ್ಮೆಲೇ ಸಿಟ್ಟು ನೆತ್ತಿಗೇರಿತು. ಅಂದರೆ ಇಡೀ ಮನೆಯಲ್ಲಿ ಗೊತ್ತಿಲ್ಲದವರು ತಾವೊಬ್ಬರೇ. "ಒಂದು ವರ್ಷ! ಒಂದು ವರ್ಷ ತಾಯಿ ಮಗಳು ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ನನಗ್ಯಾಕೆ ಹೇಳ್ಲಿಲ್ಲ?"

ಮಗಳು ಕೌಂಟರಿನ ಮೇಲಿದ್ದ ಕಾಗದದ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿದಳು. ದನಿ ಏರಿಸಲಿಲ್ಲ.

"ಹೇಳಿದ್ನಲ್ಲ. ಮಾರನೇ ದಿನ ಬೆಳಗ್ಗೆನೇ ಬಂದು ಹೇಳ್ದೆ. ಮರುಪರಿಶೀಲನೆ ಅರ್ಜಿ ಹಿಡ್ಕೊಂಡು ಬಂದಿದ್ದೆ, ಅಪ್ಪ ಅಮ್ಮಂದಿರಲ್ಲಿ ಒಬ್ಬರ ಸಹಿ ಬೇಕಿತ್ತು. ಅಮ್ಮ ಹಾಕೋಕೆ ಬಂದ್ರೆ ಪೆನ್ನು ಕಿತ್ಕೊಂಡ್ರಿ. ನಾನು ಬಾಯಿಬಿಟ್ಟು ಹೇಳ್ದೆ, ಪುಟ ಬಂದಿದೆ, ಉತ್ತರ ಕಾಣ್ತಿದೆ, ಒಂದೇ ಒಂದ್ಸಲ ನೋಡಿ ಅಂತ. ಏನಂದ್ರಿ?"

ಮೇಷ್ಟ್ರು ಕೌಂಟರಿನ ಗಾಜಿನತ್ತ ಕಣ್ಣಿಳಿಸಿದರು.

"ನೆನಪಿಲ್ವಾ? ‘ರಾತ್ರೋರಾತ್ರಿ ಯಾರು ಬರೆದು ಸೇರಿಸಿದ್ದು’ ಅಂದ್ರಿ. ‘ಕಂಪ್ಯೂಟರಲ್ಲಿ ಫೋರ್ಜರಿನೂ ಕಲ್ತೆಯಾ’ ಅಂದ್ರಿ. ಅರ್ಜಿ ಹರಿದು ಕಸದ ಬುಟ್ಟಿಗೆ ಹಾಕಿದ್ರಿ. ‘ನೀನೇ ಇವಳನ್ನ ಹಾಳು ಮಾಡಿದ್ದು’ ಅಂತ ಅಮ್ಮನಿಗೆ ಅಂದ್ರಿ. ಆಮೇಲೆ ಇನ್ನೇನು ಹೇಳ್ಬೇಕಿತ್ತು ನಾವು? ನಿಮ್ಮ ಕಾಲಿಗೆ ಬೀಳ್ಬೇಕಿತ್ತಾ?"

ಅವರಿಗೆ ನೆನಪಾಯಿತು. ಹರಿದ ಕಾಗದದ ಸದ್ದು ಕೂಡ ನೆನಪಾಯಿತು. ಆ ಮಾತುಗಳನ್ನು ಆಡಿದವರು ಬೇರೆ ಯಾರೋ ಎಂಬಂತೆ ಇಷ್ಟು ದಿನ ಅವು ಎಲ್ಲೋ ಹೋಗಿ ಕೂತಿದ್ದವು.

"ತಪ್ಪಾಯ್ತು," ಎಂದರು. "ಇವತ್ತು ಹಾಲ್‌ನಲ್ಲಿ ನಾನೇ ಹಾಗೆ ಒತ್ತಿದ್ದು ಕಣ್ಣಿಗೆ ಬಿತ್ತು. ಆಗ ಗೊತ್ತಾಯ್ತು."

"ನೀವೇ ಒತ್ತಿದ್ರಾ?" ಮಗಳು ಮೊದಲ ಸಲ ತಲೆಯೆತ್ತಿ ನೇರ ನೋಡಿದಳು. "ಎಷ್ಟು ಜನಕ್ಕೆ?"

"ಗೊತ್ತಿಲ್ಲ."

"ಈ ಸಲ ಮಾತ್ರಾನಾ?"

"ಇಲ್ಲ."

ಅವಳು ಪಕ್ಕದ ಯಂತ್ರದ ತಟ್ಟೆಗೆ ಕಾಗದ ತುಂಬಿದಳು. ಕಟ್ಟನ್ನು ಕೌಂಟರಿಗೆ ಕುಟ್ಟಿ ಕುಟ್ಟಿ ಅಂಚು ಸರಿಮಾಡಿದಳು. ಒಂದು ಸಲ ಸಾಕಿತ್ತು. ನಾಲ್ಕೈದು ಸಲ ಕುಟ್ಟಿದಳು.

"ಹಾಗಾದ್ರೆ ನನ್ನ ಹತ್ರ ಯಾಕೆ ಬಂದಿದೀರಿ? ನಂದು ಮುಗೀತು. ಮುಚ್ಚಳ ಹಾಕಿದ್ರಿ, ಮುಗೀತು. ಆ ಮಕ್ಕಳದ್ದು ಇನ್ನೂ ಅಲ್ಲೇ ಇದೆ. ನಾನು ಪರವಾಗಿಲ್ಲ ಬಿಡಪ್ಪ ಅಂತೀನಿ, ಮನೆಗೆ ಹೋಗಿ ನಿದ್ದೆ ಮಾಡೋಣ ಅಂತ ಬಂದ್ರಾ? ಅನ್ನೋದಿಲ್ಲ."

"ಮುಖ್ಯಸ್ಥರಿಗೆ ಹೇಳ್ದೆ. ಅವರು ನಂಬ್ತಾ ಇಲ್ಲ. ನಂಬಿದ್ರೂ ಬೇಡ ಅಂತಾರೆ."

"ನಾನು ಹೇಳಿದ್ದನ್ನ ನೀವು ನಂಬಿದ್ರಾ? ಹೇಳಿದ್ರೆ ಯಾರೂ ನಂಬೋದಿಲ್ಲ. ಕೂರಿಸಿ ತೋರಿಸ್ಬೇಕು. ಮುಚ್ಚಳ ಹಾಕೋಕೆ ಬಿಡ್ದೆ ತೋರಿಸ್ಬೇಕು."

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದರು. ಮಗಳು ಅಪ್ಪನ ಹೆಗಲ ಮೇಲಿಂದ ಅವರನ್ನು ನೋಡಿ, "ಹೇಳಿ," ಎಂದಳು.

ಮರುದಿನ ಬೆಳಗ್ಗೆ ಎಲ್ಲರೂ ಬಂದು ಕೂತ ಮೇಲೆ ಮೇಷ್ಟ್ರು ತಮ್ಮ ಜಾಗಕ್ಕೆ ಹೋಗಲಿಲ್ಲ. ಹಾಲ್‌ನ ಮುಂಭಾಗಕ್ಕೆ ನಡೆದು, ಪ್ರೊಜೆಕ್ಟರಿಗೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ ತಮ್ಮ ಲಾಗಿನ್ ತೆರೆದರು. ಬೋರ್ಡಿನ ಮೇಲೆ, ಅವರ ಹೆಸರಿನ ಪಕ್ಕದಲ್ಲೇ, ‘ನಿಧಾನವಾಗಿ ಒತ್ತಿ’ ಎಂಬ ಹೊಸ ಸಾಲು ಬಂದಿತ್ತು.

"ಏನ್ ಸರ್, ಹೊಸ ಶಾರ್ಟ್‌ಕಟ್ಟಾ?" ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು.

"ಹೌದು. ಎಲ್ಲರೂ ಗೋಡೆ ನೋಡಿ."

ಹಿಂದಿನ ದಿನ ಸಲ್ಲಿಸದೆ ಉಳಿಸಿಕೊಂಡಿದ್ದ ಪತ್ರಿಕೆಯನ್ನು ಅವರು ತೆರೆದರು. ಮಸೂರದ ಪುಟಕ್ಕೆ ಹೋದರು. ಗೋಡೆಯ ಮೇಲೆ ದೊಡ್ಡದೊಂದು ಬಿಳಿ ಚೌಕ ಬಿತ್ತು. ಮೇಷ್ಟ್ರು ಎರಡೂ ಕೈಯನ್ನು ಕೀಲಿಮಣೆಯಿಂದ ತೆಗೆದು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು, ಶರಣಾದವರಂತೆ.

"ಬಿಳಿ ಬಂತು ಸರ್, ಒತ್ತಿ!"

"ಎಕ್ಸ್‌ಪ್ರೆಸ್ ಕೆಟ್ಟು ನಿಂತಿದೆ."

ನಗು ಎದ್ದಿತು. ಮೇಷ್ಟ್ರು ಕೈ ಇಳಿಸಲಿಲ್ಲ. ನಗು ಇನ್ನೂ ಪೂರ್ತಿ ಅಡಗಿರಲಿಲ್ಲ, ಗೋಡೆಯ ಮೇಲ್ತುದಿಯಲ್ಲಿ ನೀಲಿ ಗೆರೆಯೊಂದು ಮೂಡಿತು. ಆಮೇಲೆ ಪ್ರಶ್ನೆಯ ಸಂಖ್ಯೆ. ಆಮೇಲೆ ಕಿರಣ, ಮಸೂರ, ತಲೆಕೆಳಗಾದ ಬಿಂಬ, ಲೆಕ್ಕ. ಹಾಲ್‌ನಲ್ಲಿ ಫ್ಯಾನಿನ ಸದ್ದು ಕೇಳಿಸತೊಡಗಿತು.

"ನಿನ್ನೆ ಇದಕ್ಕೆ ನಾನು ‘ಬರೆದಿಲ್ಲ’ ಅಂತ ಒತ್ತಿದ್ದೆ," ಎಂದರು ಮೇಷ್ಟ್ರು. "ಲೈನು ಹೋಗಿತ್ತು, ಅದಕ್ಕೆ ಸಿಕ್ತು. ಲೈನು ಹೋಗದೆ ಇದ್ದಾಗ ಒತ್ತಿದ್ದು ಎಷ್ಟೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿಮಗೆಲ್ಲ ಹೇಳಿಕೊಟ್ಟಿದ್ದು ನಾನು. ಇಲ್ಲೇ ನಿಂತು ಹೇಳಿಕೊಟ್ಟೆ. ಬೇಲಿನೇ ಹೊಲ ಮೇಯ್ದಿದೆ. ಸಲ್ಲಿಸಿದ್ದನ್ನೆಲ್ಲ ವಾಪಸ್ ಕೊಡೋ ತನಕ ನಾನು ಇನ್ನೊಂದು ಪುಟ ಮುಟ್ಟೋದಿಲ್ಲ. ನೀವು ಮುಟ್ಟೋದಾದ್ರೆ ನಿಮ್ಮ ನಿಮ್ಮ ಮನೇಲಿ ಮಕ್ಕಳಿದಾರಾ ನೋಡ್ಕೊಂಡು ಮುಟ್ಟಿ."

"ನಿಮ್ಮ ಮಗಳು ಫೇಲಾದ್ಲು ಅಂತ ನಮ್ಮ ಮೇಲೆ ಯಾಕೆ ತೀರಿಸ್ಕೊಳ್ತೀರಿ?" ಮಧ್ಯದ ಸಾಲಿನಿಂದ ಒಬ್ಬರು ಎದ್ದು ನಿಂತರು, ಮುಖ ಕೆಂಪಾಗಿತ್ತು. "ಈಗ ಹೀಗೆ ಎತ್ತಿ ಆಡಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ."

"ಉಗೀಲಿ. ನನ್ನ ಮಗಳು ಫೇಲಾಗಿಲ್ಲ," ಎಂದರು ಮೇಷ್ಟ್ರು. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ಅವಳು ಬರೆದಿದ್ಲು."

ಪ್ಯಾಸೆಂಜರ್ ಮೇಡಂ ತಮ್ಮ ಕೀಲಿಮಣೆಯನ್ನು ಎರಡೂ ಕೈಯಿಂದ ಮೆಲ್ಲನೆ ಮುಂದಕ್ಕೆ ತಳ್ಳಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಹಿಂದಿನವರು ಅವರನ್ನು ನೋಡಿದರು. ಆ ಹೊತ್ತಿಗೆ ಮುಖ್ಯಸ್ಥರು ಒಳಗೆ ಬಂದರು. ಗೋಡೆಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ನೇರ ಹೋಗಿ ಪ್ರೊಜೆಕ್ಟರಿನ ವೈರನ್ನು ಕಿತ್ತರು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಲಾಗಿನ್ ತೆರೆಯಲಿಲ್ಲ. ಸಂಜೆ ಬೋರ್ಡಿನ ಮೊದಲ ಸಾಲು ಒರೆಸಿಹೋಗಿತ್ತು. ಅದರ ಕೆಳಗಿನ ಸಾಲುಗಳಲ್ಲೂ ಅಂದು ಹೆಚ್ಚಿನವರ ಹೆಸರಿನ ಮುಂದೆ ಏನೂ ಇರಲಿಲ್ಲ.

ಆ ವರ್ಷ ಫಲಿತಾಂಶ ತಡವಾಗಿ ಬಂತು. ಕಾರಣ ತಿಳಿಸಿರಲಿಲ್ಲ. ಹಿಂದಿನ ವರ್ಷದ ಪತ್ರಿಕೆಗಳನ್ನು ಯಾರೂ ತೆರೆಯಲಿಲ್ಲ.

ಮುಂದಿನ ಪರೀಕ್ಷೆಗೆ ಮಗಳು ಅರ್ಜಿ ಹಾಕಿದಳು. ಅರ್ಜಿಯನ್ನು ಅಂಗಡಿಯಲ್ಲೇ ಪ್ರಿಂಟ್ ತೆಗೆದು, ಕೌಂಟರಿನ ಮೇಲಿಟ್ಟು ತುಂಬಿದಳು. ಅವಳಿಗೆ ಹದಿನೆಂಟು ತುಂಬಿತ್ತು. ಪೋಷಕರ ಸಹಿ ಕಡ್ಡಾಯವಾಗಿರಲಿಲ್ಲ. ಆ ಜಾಗವನ್ನು ಅವಳು ಖಾಲಿ ಬಿಟ್ಟಳು.